ಬೇಡ ಎನ್ನುವ ಕುರ್ಚಿ

ಮೆಟ್ಟಿಲ ಕಂಬಿಗಳ ನಡುವಿನ ಸಂದಿಯಲ್ಲಿ ನನ್ನ ಮಗಳ ತಲೆ ತೂರುತ್ತದೆ. ತೂರಿಸಿ ನೋಡಿಲ್ಲ, ಅಷ್ಟು ಎದೆಗಾರಿಕೆ ನನಗಿಲ್ಲ. ಆದರೂ ತೂರುತ್ತದೆ ಅಂತ ಗೊತ್ತು. ಕುಕ್ಕರ್ ಕೂಗುವಾಗ, ಬಟ್ಟೆ ಒಣಹಾಕುವಾಗ, ಆಫೀಸಿನಲ್ಲಿ ಯಾರೋ ಏನೋ ಕೇಳಿ ನಾನು ಹೂಂಗುಟ್ಟುವಾಗ, ನಾಲ್ಕನೇ ಮಹಡಿಯ ಆ ಸಂದಿ ಬಂದು ಕಣ್ಣೆದುರು ನಿಲ್ಲುತ್ತದೆ. ನಮ್ಮ ಬಾಗಿಲು ದಾಟಿದರೆ ಅದೇ ಮೊದಲು ಸಿಗುವುದು. ಪುಟ್ಟಿಗೆ ಈಗಷ್ಟೇ ನಡಿಗೆ ಬಂದಿದೆ.

"ಚಿಂತೆ ಮಾಡೋಕೆ ಏನೂ ಸಿಗದಿದ್ರೆ ಗೋಡೆ ನೋಡ್ಕೊಂಡಾದ್ರೂ ಚಿಂತೆ ಮಾಡ್ತೀಯ ನೀನು," ಎನ್ನುತ್ತಾನೆ ನನ್ನ ಗಂಡ. ಇರಬಹುದು. ನಮ್ಮ ಬಾಗಿಲಿಗೇ ಒಂದು ಅಡ್ಡಗೇಟು ಹಾಕಿಸು ಎಂದರೆ, "ಹೇಗೂ ಒಂದಿನ ಕಂಬಿ ಬದಲಾಯಿಸ್ಲೇಬೇಕಲ್ಲ, ನೋಡೋಣ," ಎಂದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಮಾತು ಮುಗಿಯಿತು ಎಂದರ್ಥ.

ಈ ಚಿಂತೆಯನ್ನು ನಗದೆ ಕೇಳಿಸಿಕೊಂಡವರು ಒಬ್ಬರೇ, ನೆಲಮಹಡಿಯ ಟೈಲರ್ ಆಂಟಿ. ಕೇಳಿದವರೇ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನೊಂದಿಗೆ, ಒಂದೊಂದು ಮಹಡಿಗೂ ತಮ್ಮ ಮಂಡಿಗೆ ಒಂದೊಂದು ಬೈಗುಳ ಬೈಯುತ್ತ, ನಾಲ್ಕನೇ ಮಹಡಿಗೆ ಹತ್ತಿ ಬಂದರು. ಮೊದಲು ಸಂದಿ ಅಳೆದರು. ಆಮೇಲೆ, ಟೋಪಿ ಹೊಲಿಯುವವರ ಹಾಗೆ, ಪುಟ್ಟಿಯ ತಲೆಗೆ ಟೇಪು ಹಿಡಿದರು. ಅದನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ಎಷ್ಟು ಆಂಟಿ?"

"ಎಷ್ಟಾದ್ರೆ ನಿನಗೇನಮ್ಮ. ಬಾಗಿಲ ಚಿಲಕ ಹಾಕ್ಕೊಂಡಿರು."

ಎರಡು ದಿನ ಬಿಟ್ಟು ದಪ್ಪ ಕ್ಯಾನ್ವಾಸಿನ ಉದ್ದ ಪಟ್ಟಿಯೊಂದನ್ನು ಹೊಲಿದು ತಂದು ಕಂಬಿಗಳಿಗೆ ಅಡ್ಡವಾಗಿ ಕಟ್ಟಿ ಹೋದರು. ಯಾವುದೋ ಹಳೆಯ ಬ್ಯಾಗು ಬಿಚ್ಚಿದ ಬಟ್ಟೆ. ಒಂದು ಕಡೆ ಜೇಬು ಹಾಗೇ ಉಳಿದಿತ್ತು. ಪುಟ್ಟಿ ಅದರಲ್ಲಿ ಚಮಚ ಬಚ್ಚಿಡುತ್ತಿದ್ದಳು. ಸ್ವಲ್ಪ ದಿನ ನಾನು ನೆಮ್ಮದಿಯಾಗಿ ಮಲಗಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿ ಇಲ್ಲ. ಕಟ್ಟಡದ ಅಂದ ಕೆಡುತ್ತದೆ ಎಂದು ನಿವಾಸಿಗಳ ಸಮಿತಿಯವರು, ಯಾವ ಕಾಗದವೂ ಇಲ್ಲದೆ, ಬಾಯಿಮಾತಿನಲ್ಲೇ ಬಿಚ್ಚಿಸಿದ್ದರು. ಮಡಚಿ ನಮ್ಮ ಬಾಗಿಲ ಬಳಿ ಇಟ್ಟಿದ್ದರು, ಚಮಚದ ಸಮೇತ. ಮರ್ಯಾದಸ್ಥರು.

ವಿಚಿತ್ರವೆಂದರೆ, ಆ ಸಮಿತಿಯ ಅಧ್ಯಕ್ಷೆ ಇದೇ ಟೈಲರ್ ಆಂಟಿ.

ಶಾಲೆಯಲ್ಲಿ ಪೌರನೀತಿಯ ಪಾಠದಲ್ಲಿ ವೀಟೋ ಎನ್ನುವುದನ್ನು ನಾನು ಉರು ಹೊಡೆದಿದ್ದೆ. ನಿರ್ಣಯ ಮಾಡುವವರು ಒಬ್ಬರು, ಅದನ್ನು ತಡೆಯುವವರು ಇನ್ನೊಬ್ಬರು, ತಡೆದವರನ್ನು ಮೀರಲು ಮತ್ತೊಂದು ದಾರಿ. ಎಲ್ಲರ ಜುಟ್ಟೂ ಇನ್ನೊಬ್ಬರ ಕೈಯಲ್ಲಿದ್ದರೆ ಯಾರೂ ಮೆರೆಯುವಂತಿಲ್ಲ ಎಂದು ಟೀಚರ್ ಹೇಳಿದ್ದರು. ಪರೀಕ್ಷೆಗೆ ಬರೆದು ಮರೆತದ್ದು ನಮ್ಮ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಟ್ಟಡದ ನಿಯಮ ಬರೆದವರು ಹಿಂದೆ ಇಲ್ಲಿದ್ದ ಒಬ್ಬ ನಿವೃತ್ತ ಗುಮಾಸ್ತರು. ಅವರ ಕಾಲದಲ್ಲಿ ಒಬ್ಬ ಅಧ್ಯಕ್ಷ ಸಮಿತಿ ಚಾಚಿದ ಕಾಗದಕ್ಕೆಲ್ಲ ಕಣ್ಣು ಮುಚ್ಚಿ ಸಹಿ ಹಾಕಿ ಎಲ್ಲರನ್ನೂ ಗುಂಡಿಗೆ ತಳ್ಳಿದ್ದನಂತೆ. ಹಾಗಾಗಿ ಅವರು ಹೀಗೆ ಬರೆದರು: ತೀರ್ಮಾನ ಮಾಡುವುದು ಸಮಿತಿ. ಆದರೆ ಅಧ್ಯಕ್ಷರ ಸಹಿ ಬಿದ್ದರೇ ಅದು ಜಾರಿ. ಸಹಿ ಹಾಕದಿದ್ದರೆ ಕಾರಣ ಬರೆದು ಎಲ್ಲರಿಗೂ ಕಾಣುವಂತೆ ಹಲಗೆಗೆ ಅಂಟಿಸಬೇಕು. ಆ ಬೇಡವನ್ನು ಮೀರಬೇಕಾದರೆ ಒಟ್ಟು ಮನೆಗಳಲ್ಲಿ ಮೂರನೇ ಎರಡರಷ್ಟು ಮನೆಗಳು ಒಪ್ಪಬೇಕು. ಒಪ್ಪುವವರು ಇಲ್ಲೇ ವಾಸವಾಗಿರಬೇಕು.

ಬರೆದಾಗ ಎಲ್ಲ ಮನೆಗಳಲ್ಲೂ ಜನವಿದ್ದರು. ಈಗ ಇಪ್ಪತ್ನಾಲ್ಕರಲ್ಲಿ ಏಳಕ್ಕೆ ಬೀಗ. ಬೀಗ ಹಾಕಿದ ಮನೆಗೆ ಬಾಯಿಲ್ಲ, ಆದರೆ ಲೆಕ್ಕದಲ್ಲಿ ಅದೂ ಒಂದು ಮನೆ. ಹೂಂ ಎನ್ನಲಾರದ ಮನೆಯೆಲ್ಲ ತಾನಾಗಿ ಬೇಡದ ಕಡೆಗೆ ಸೇರಿಕೊಂಡಿತು. ಇದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಬೇಡ ಎನ್ನುವ ಅಧ್ಯಕ್ಷರು ಅಲ್ಲಿಯವರೆಗೂ ಯಾರೂ ಬಂದಿರಲಿಲ್ಲ.

ಆಂಟಿಯನ್ನು ಕುರ್ಚಿಗೆ ಕೂರಿಸಿದ್ದು ಕೂಡ ಅವರು ಹಾಗೆನ್ನಲಾರರು ಎಂಬ ನಂಬಿಕೆಯಿಂದಲೇ. ಮುಂಬದಿಯ ಮನೆಯವರಿಗೂ ಹಿಂಬದಿಯ ಮನೆಯವರಿಗೂ ಜಗಳವಾಗಿ ಯಾರನ್ನೂ ಯಾರೂ ಒಪ್ಪದಿದ್ದಾಗ, ಕಟ್ಟಡದಲ್ಲೇ ಚಿಕ್ಕದಾದ, ಪಂಪಿನ ಪಕ್ಕದ ಕತ್ತಲು ಮನೆಯ ವಿಧವೆ ಎರಡು ಕಡೆಗೂ ಅನುಕೂಲವಾಗಿ ಕಂಡರು. ಎಲ್ಲರ ಜಿಪ್ಪು ಬದಲಾಯಿಸಿಕೊಡುವ ಹೆಂಗಸು ಯಾರಿಗೆ ಎದುರು ಹೇಳಿಯಾಳು?

ಅವರು ಎದುರು ಹೇಳಲು ಕಲಿತದ್ದು ಬಟ್ಟೆ ಕಾರ್ಖಾನೆಯಲ್ಲಿ. ಹೊಲಿಗೆ ಸಾಲಿನ ಕೊನೆಯ ಮೇಜು ಅವರದು. ಹೊಲಿದು ಬಂದ ಅಂಗಿಯನ್ನು ತಿರುವಿ ನೋಡಿ, ಕೆಟ್ಟದ್ದಕ್ಕೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಹಾಕುವ ಕೆಲಸ. ಲಾರಿ ಬಂದು ನಿಂತ ದಿನ ಸೂಪರ್‌ವೈಸರ್ ಆ ಚೀಟಿಗಳನ್ನು ಒಂದೊಂದಾಗಿ ಕಿತ್ತು ಅಂಗಿಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದ.

"ನನ್ನ ಬೇಡಕ್ಕೆ ಅಲ್ಲಿ ಗೋಂದು ಸಾಲ್ತಿರ್ಲಿಲ್ಲ," ಎಂದು ಒಮ್ಮೆ ನಕ್ಕಿದ್ದರು.

ಅದೇ ಕಾರ್ಖಾನೆಯಲ್ಲಿ ಇಡೀ ಸಾಲಿಗೆ ಒಂದೇ ಮರದ ಬಿಲ್ಲೆ. ಅದು ಸೂಪರ್‌ವೈಸರನ ಮೇಜಿನ ಮೊಳೆಗೆ ನೇತಾಡುತ್ತಿತ್ತು. ಶೌಚಕ್ಕೆ ಹೋಗಬೇಕಾದವಳು ಅವನನ್ನು ಕೇಳಿ ಬಿಲ್ಲೆ ತೆಗೆದುಕೊಂಡು ಹೋಗಿ, ಬಂದು ಮತ್ತೆ ನೇತುಹಾಕಬೇಕು. ಕೇಳುವುದಕ್ಕೆ ನಾಚಿ ಆಂಟಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಿಟ್ಟದ್ದಕ್ಕೆ ಮೂತ್ರಕೋಶ ಕೆಟ್ಟು ಆಸ್ಪತ್ರೆ ಸೇರಿದ್ದರು. ಈಗಲೂ ಅವರು ಲೋಟದ ನೀರನ್ನು ಒಂದೇ ಸಲಕ್ಕೆ ಕುಡಿಯುವುದಿಲ್ಲ. ಒಂದು ಗುಟುಕು ಕುಡಿದು ಪಕ್ಕಕ್ಕಿಡುತ್ತಾರೆ, ಯಾರೋ ಕಸಿದುಕೊಂಡಾರು ಎನ್ನುವಂತೆ ಮತ್ತೆ ನೋಡುತ್ತಾರೆ.

ಇಷ್ಟೆಲ್ಲ ಹೇಳಿ ಅವರನ್ನು ದೇವತೆ ಮಾಡುವುದಕ್ಕೆ ನನಗೆ ಇಷ್ಟವಿಲ್ಲ. ಬೇಡದ ರುಚಿ ಹತ್ತಿದ ಮೇಲೆ ಅವರು ಕಂಡದ್ದಕ್ಕೆಲ್ಲ ಬೇಡ ಅಂದರು. ಮುಂಬಾಗಿಲ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಅಂತ ಬೇಡ. ಮಾಳಿಗೆಗೆ ಬೀಗ ಹಾಕಿದರೆ ತಮ್ಮ ಬಟ್ಟೆ ಒಣಗುವುದಿಲ್ಲ ಅಂತ ಬೇಡ. ಕಾರಣ ಬರೆದು ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ಓದಿಕೊಳ್ಳುವರು, ಹೊಸ ಅಂಗಿಯ ಕಾಲರ್ ನೋಡುವ ಹಾಗೆ. ಜನ ಬೇಡಮ್ಮ ಅಂತ ಹೆಸರಿಟ್ಟರು. ನಾನೂ ಹಾಗೆ ಕರೆದು ನಕ್ಕವಳೇ.

ಕಂಬಿ ಬದಲಾಯಿಸಿ ಎಂದು ಅವರು ಸಮಿತಿಯನ್ನು ಮತ್ತೆ ಮತ್ತೆ ಕೇಳಿದ್ದರು. ಯಾರೂ ಕೈ ಎತ್ತಲಿಲ್ಲ. ಆ ಕುರ್ಚಿಗೆ ಕಟ್ಟಡದ ಕೆಲಸವನ್ನೆಲ್ಲ ನಿಲ್ಲಿಸುವ ಶಕ್ತಿ ಇದೆ. ಗೋಡೆಗೆ ಒಂದು ಮೊಳೆ ಹೊಡೆಸುವ ಶಕ್ತಿ ಇಲ್ಲ.

ಹೀಗಿರುವಾಗ ಸಮಿತಿಯ ಕಾರ್ಯದರ್ಶಿಯಾದ ಬೀದಿ ತುದಿಯ ಔಷಧಿ ಅಂಗಡಿಯವರಿಗೆ ಇದ್ದಕ್ಕಿದ್ದಂತೆ ಕಂಬಿಯ ಮೇಲೆ ಪ್ರೀತಿ ಹುಟ್ಟಿತು. ಸಮಿತಿ ಒಮ್ಮತದಿಂದ ತೀರ್ಮಾನ ಮಾಡಿತು. ಮೆಟ್ಟಿಲಿಗೆಲ್ಲ ಒತ್ತೊತ್ತಾಗಿ ಹೊಸ ಕಂಬಿ. ಓದಿ ನನಗೆ ಕಣ್ಣು ತುಂಬಿತು. ಅದೇ ವಾಕ್ಯದ ಬಾಲದಲ್ಲಿ ಇನ್ನೊಂದು ಮಾತಿತ್ತು: ಮತ್ತು ಹಿಂಬದಿಯ ಶೌಚಾಲಯವನ್ನು ಮುಚ್ಚಿ ಪಾರ್ಸೆಲ್ ಇಡುವ ಕೋಣೆಯಾಗಿ ಮಾಡುವುದು.

ಆ ಶೌಚಾಲಯವನ್ನು ಬಳಸುವವರು ಕಾವಲಿನವನು, ಕಸದವಳು, ಮನೆಗೆಲಸಕ್ಕೆ ಬರುವ ಹೆಂಗಸರು. ವಾಸನೆ ಬರುವುದು ನಿಜ. ಮುಚ್ಚಬೇಕೆಂದು ಕಾರ್ಯದರ್ಶಿ ಎರಡು ಸಲ ತಂದಿದ್ದರು, ಆಂಟಿ ಎರಡು ಸಲವೂ ತಡೆದಿದ್ದರು. ಈ ಸಲ ಅದನ್ನು ನನ್ನ ಮಗಳ ತಲೆಗೆ ಕಟ್ಟಿ ಕಳಿಸಿದ್ದರು. ಅರ್ಧಕ್ಕೆ ಸಹಿ ಹಾಕುವಂತಿಲ್ಲ. ಹಾಕಿದರೆ ಇಡೀ ಕಾಗದಕ್ಕೆ, ಬಿಟ್ಟರೆ ಇಡೀ ಕಾಗದ.

ಆಂಟಿ ಬಿಟ್ಟರು. ಹಲಗೆಯ ಮೇಲೆ ಒಂದೇ ಸಾಲು ಅಂಟಿಸಿದರು: 'ಎರಡನ್ನೂ ಬೇರೆ ಮಾಡಿ ತನ್ನಿ. ಕಂಬಿಗೆ ಆಗಲೇ ಸಹಿ ಹಾಕುತ್ತೇನೆ.'

ನಾನು ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಇಳಿದು ಹೋದೆ. ಅವರು ದಿಂಬಿನ ಗವಸು ಹೊಲಿಯುತ್ತಿದ್ದರು.

"ಟೇಪು ಹಿಡಿದು ಅಳೆದವರು ನೀವೇ ಅಲ್ವಾ ಆಂಟಿ? ನೀವೇ ಬೇಡ ಅಂದ್ರೆ ನಾನು ಯಾರ ಹತ್ರ ಹೋಗ್ಲಿ?"

"ಕೂತ್ಕೋ."

"ಕೂತ್ಕೊಳ್ಳಲ್ಲ. ಒಂದು ಸಹಿ. ಅಷ್ಟೇ ಕೇಳ್ತಿರೋದು."

ಯಂತ್ರ ನಿಂತಿತು. "ಹಾಕ್ದೆ ಅಂತಿಟ್ಕೋ. ನಿನ್ನ ಮಗೂನ ನೋಡ್ಕೊಳ್ಳೋಳು ಬೆಳಗ್ಗೆ ಬಂದ್ರೆ ಸಂಜೆ ಹೋಗ್ತಾಳೆ. ನಡುವೆ ಅವಳು ಎಲ್ಲಿಗೆ ಹೋಗ್ಬೇಕು?"

"ನಮ್ಮನೇಲಿ..."

"ನಿಮ್ಮನೇಲಿ ಬಿಡ್ತೀರಾ?"

ನಾನು ಪುಟ್ಟಿಯ ಮೂಗು ಒರೆಸಿದೆ. ಮೂಗು ಸೋರುತ್ತಿರಲಿಲ್ಲ.

"ನಂಗೆ ಬೇಡ ಅನ್ನೋಕೆ ಮಾತ್ರ ಬಿಟ್ಟಿದ್ದಾರಮ್ಮ, ಬೇಕು ಅನ್ನೋಕೆ ಬಿಟ್ಟಿಲ್ಲ," ಎಂದರು. "ಬೇಕು ಅನ್ನೋ ಹಾಗಿದ್ರೆ ನಿನ್ನ ಕಂಬಿ ಯಾವತ್ತೋ ಬರ್ತಿತ್ತು. ಬೈಯೋದಿದ್ರೆ ಬೈದು ಹೋಗು. ಈಗೀಗ ಎಲ್ಲರೂ ಬೈತಾರೆ, ಕೊನೆಗೆ ಬಟ್ಟೆ ಮಾತ್ರ ತರಲ್ಲ."

ಆಗ ಗಮನಿಸಿದೆ. ಹೊಲಿಸಲು ಬಂದ ಬಟ್ಟೆಗಳನ್ನು ತೂಗುಹಾಕುತ್ತಿದ್ದ ತಂತಿ ಖಾಲಿಯಾಗಿತ್ತು. ರಸ್ತೆಯಾಚೆಯ ಅಂಗಡಿಯಲ್ಲಿ ಚೆನ್ನಾಗಿ ಹೊಲಿಯುತ್ತಾರೆಂದು ಕಾರ್ಯದರ್ಶಿ ಮನೆಮನೆಗೂ ಹೇಳಿದ್ದರಂತೆ. ಆಂಟಿ ಹೊಲಿಯುತ್ತಿದ್ದ ಗವಸು ಅವರದೇ ದಿಂಬಿನದು. ನಾನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಿಟ್ಟು ಇಳಿಯದೆ ಮೆಟ್ಟಿಲು ಹತ್ತಿದೆ.

ಮುಂದಿನ ವಾರ ನಾನು ಆಫೀಸಿನಲ್ಲಿದ್ದಾಗ ಅದು ನಡೆಯಿತು. ಪುಟ್ಟಿಯನ್ನು ನೋಡಿಕೊಳ್ಳುವ ಅಕ್ಕ, ಮನೆಯಲ್ಲಿದ್ದ ನನ್ನ ಅತ್ತೆಗೆ ಹೇಳಿ, ಹಿಂಬದಿಯ ಶೌಚಾಲಯಕ್ಕೆಂದು ನಾಲ್ಕು ಮಹಡಿ ಇಳಿದಿದ್ದಳು. ಅತ್ತೆ ಗಾಳಿ ಬರಲಿ ಎಂದು ಬಾಗಿಲು ತೆರೆದಿಟ್ಟು ಟಿವಿ ಮುಂದೆ ಕೂತಿದ್ದರು. ಅಕ್ಕ ವಾಪಸ್ಸು ಹತ್ತುತ್ತ ತಲೆ ಎತ್ತಿದರೆ, ಮೇಲೆ ಕಂಬಿಗಳ ಆಚೆಗೆ ಒಂದು ಪುಟ್ಟ ಕಾಲು ನೇತಾಡುತ್ತಿತ್ತು. ಬುಡದ ಅಡ್ಡಕಂಬಿಗೂ ನೆಲಕ್ಕೂ ನಡುವಿನ ಕಿರಿದಾದ ಸಂದಿಯಲ್ಲಿ ತೊಡೆಯವರೆಗೂ ಇಳಿದು ಸಿಕ್ಕಿಕೊಂಡಿತ್ತು. ಉಳಿದ ಮೆಟ್ಟಿಲು ಹೇಗೆ ಹತ್ತಿದಳೋ ಅಕ್ಕನಿಗೇ ಗೊತ್ತಿಲ್ಲ. ಸೋಪಿನ ನೀರು ಸುರಿದು ಕಾಲು ಬಿಡಿಸಿದಳು. ನಾನು ಬರುವಷ್ಟರಲ್ಲಿ ಪುಟ್ಟಿ ಬಿಸ್ಕತ್ತು ತಿನ್ನುತ್ತಿದ್ದಳು. ಅಕ್ಕ ಮೆಟ್ಟಿಲ ಮೇಲಿನ ಸೋಪಿನ ನೀರು ಒರೆಸುತ್ತಿದ್ದಳು.

"ನಾನು ಹೋಗ್ಬಾರ್ದಿತ್ತು ಅಕ್ಕಾವ್ರೇ," ಎಂದಳು ಅವಳು. "ನಾಳೆಯಿಂದ ನೀರು ಕಮ್ಮಿ ಕುಡೀತೀನಿ."

ಈ ಮಾತು ನನ್ನ ಎದೆಯಲ್ಲಿ ಎಲ್ಲಿ ಹೋಗಿ ನಾಟಿತೆಂದು ಹೇಳಲಾರೆ.

ಕಾಲಿನ ಸುದ್ದಿ ನನಗಿಂತ ಮೊದಲು ಕಾರ್ಯದರ್ಶಿಗೆ ತಲುಪಿತ್ತು. ಮಾರನೇ ದಿನ ಮಗುವಿಗೆ ಮುಲಾಮು ಹಿಡಿದುಕೊಂಡೇ ಬಂದರು. ಸೋಫಾದ ತುದಿಯಲ್ಲಿ ಕೂತರು.

"ನೋಡಿ ಸಿಸ್ಟರ್, ರಾಜಕೀಯ ಬೇಡ. ಹದಿನೈದು ಮನೆಯವ್ರು ಹೂಂ ಅಂದಾಯ್ತು. ಹದಿನಾರು ಬೇಕು. ಬೀಗದ ಮನೆ, ಬೇಡಮ್ಮನ ಮನೆ ಬಿಟ್ರೆ ಉಳಿದಿರೋದು ನಿಮ್ಮದೊಂದೇ. ಭಾನುವಾರ ಸಂಜೆ ಸಭೆ ಶುರುವಾಗೋದ್ರೊಳಗೆ ಒಂದು ಫೋನ್ ಮಾಡಿ ಹೂಂ ಅನ್ನಿ. ಸಹಿ ಆಮೇಲೆ ಹಾಕಿದ್ರಾಯ್ತು."

"ಕಂಬಿ ಒಂದನ್ನೇ ಬೇರೆ ಮಾಡಿ ತರೋಕಾಗಲ್ವಾ? ಆಂಟಿ ಸಹಿ ಹಾಕ್ತೀನಿ ಅಂತ ಬರೆದೇ ಹಾಕಿದಾರಲ್ಲ."

ಅವರು ಮುಗುಳ್ನಕ್ಕರು. ಕೆಟ್ಟ ಮನುಷ್ಯನ ನಗುವಲ್ಲ. ಔಷಧಿ ಕಹಿಯಿದೆ, ನುಂಗಮ್ಮ ಎನ್ನುವವರ ನಗು. "ಬೇರೆ ಮಾಡಿದ್ರೆ ಎರಡನೇದು ಈ ಜನ್ಮದಲ್ಲಿ ಆಗಲ್ಲ. ಮಗು ವಿಷಯ ಜೊತೆಗಿದ್ರೆ ಯಾರೂ ಇಲ್ಲ ಅನ್ನಲ್ಲ ನೋಡಿ."

"ಮತ್ತೆ ಕೆಲಸಕ್ಕೆ ಬರೋವ್ರು?"

"ಮಾರ್ಕೆಟ್ ಹತ್ರ ಸಾರ್ವಜನಿಕ ಶೌಚಾಲಯ ಇದೆಯಲ್ಲ. ನಡೆದ್ರೆ ಆರೋಗ್ಯಕ್ಕೂ ಒಳ್ಳೇದು."

ನನ್ನ ಗಂಡ ಅವರನ್ನು ಬಾಗಿಲವರೆಗೆ ಬಿಟ್ಟು ಬಂದು, "ಒಂದು ಹೂಂ ಅಂದ್ರೆ ಮುಗೀತಲ್ಲೇ," ಎಂದ. ನಿಜವಾಗಿಯೂ ಅಷ್ಟೇ. ಹುಟ್ಟಿದಾಗಿನಿಂದ ನಾನು ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಯಾವ ಕಾಲೇಜು ಎಂದಾಗ ಹೂಂ, ಯಾವ ಮನೆ ಎಂದಾಗ ಹೂಂ, ಹೆರಿಗೆಯಾಗಿ ಮೂರೇ ತಿಂಗಳಿಗೆ ಕೆಲಸಕ್ಕೆ ಬರುತ್ತೀಯಾ ಎಂದಾಗಲೂ ಹೂಂ. ಈಗ ಮೊದಲ ಸಲ ನನ್ನ ಹೂಂ ಇಲ್ಲದೆ ಏನೋ ಒಂದು ನಿಂತುಹೋಗುತ್ತದೆ. ಬೇಡಮ್ಮನ ಬೇಡ ನಿಲ್ಲುವುದೂ ಬೀಳುವುದೂ ನನ್ನ ಬಾಯಲ್ಲಿದೆ. ಹಾಗೆ ನೋಡಿದರೆ ಹೂಂ ಎಂದ ಆ ಹದಿನೈದು ಮನೆಗಳ ಬಾಯಲ್ಲೂ ಇತ್ತು. ಒಬ್ಬರಾದರೂ ಇಲ್ಲ ಎಂದಿದ್ದರೆ ಲೆಕ್ಕ ಅಲ್ಲೇ ಮುರಿಯುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಕೆಂಪು ಚೀಟಿ ಕೊಟ್ಟಿದ್ದರು, ಯಾರಿಗೂ ಅದು ಇರುವುದೇ ಗೊತ್ತಿರಲಿಲ್ಲ.

ಒಂದು ದಾರಿ ಇತ್ತು. ಅಕ್ಕ ನಮ್ಮ ಮನೆಯ ಬಾತ್‌ರೂಮನ್ನೇ ಬಳಸುವುದಾದರೆ ಹಿಂಬದಿಯದು ಮುಚ್ಚಿದರೂ ನಮಗೆ ತೊಂದರೆಯಿಲ್ಲ. ಉಳಿದವರ ಗತಿ ಏನೋ ಆಗಲಿ, ಹೂಂ ಅಂದುಬಿಡಬಹುದು. ಶನಿವಾರ ತಟ್ಟೆ ಹಾಕುತ್ತ ಅತ್ತೆಯ ಮುಂದೆ ಮಾತೆತ್ತಿದೆ.

"ಅತ್ತೆ, ಅಕ್ಕ ಇನ್ಮೇಲೆ ನಮ್ಮ ಬಾತ್‌ರೂಮೇ ಬಳಸ್ಲಿ. ಪುಟ್ಟೀನ ಬಿಟ್ಟು ಕೆಳಗೆ ಹೋಗೋದು ತಪ್ಪುತ್ತೆ."

"ಬೇಡ."

"ಯಾಕತ್ತೆ?"

"ಬೇಡ ಅಂದ್ಮೇಲೆ ಬೇಡ. ಅದಕ್ಕೆ ಯಾಕೆ ಅಂತ ಬೇರೆ ಇರುತ್ತಾ?"

ಗಂಡನ ಮುಖ ನೋಡಿದೆ. ಅವನು ಫೋನ್ ನೋಡುತ್ತಿದ್ದ. ನಮ್ಮ ಮನೆಯಲ್ಲೂ ಮೂರರಲ್ಲಿ ಎರಡು ಸಾಕು. ಆದರೆ ಒಂದಕ್ಕೆ ಬೀಗ.

ಅನ್ನ ಬಡಿಸುತ್ತ ನನಗೆ ಹಲಗೆಯ ಮೇಲಿನ ಆ ಒಂದು ಸಾಲು ನೆನಪಾಗುತ್ತಲೇ ಇತ್ತು. ಬೇಡಮ್ಮ ತನ್ನ ಪ್ರತಿ ಬೇಡಕ್ಕೂ ಕಾರಣ ಬರೆದು, ನಾಲ್ಕು ಜನ ಓದಿ ನಗುವಲ್ಲಿ ಅಂಟಿಸಬೇಕಿತ್ತು. ಅದನ್ನು ಮೀರುವುದಕ್ಕೂ ಒಂದು ದಾರಿ ಇಟ್ಟಿದ್ದರು. ಈ ಬೇಡವನ್ನು ಬರೆದು ಅಂಟಿಸುವ ಹಲಗೆ ನಮ್ಮ ಮನೆಯಲ್ಲಿ ಎಲ್ಲಿದೆ? ಆಂಟಿಯ ಮಂಡಿ, ಆಂಟಿಯ ಜಂಬ, ಮುಂಬಾಗಿಲ ಬಣ್ಣದ ವಿಷಯದಲ್ಲಿ ಅವರ ಹಟ, ಯಾವುದರ ಮೇಲೂ ನನಗೆ ಈಗ ಹೊಸದಾಗಿ ಪ್ರೀತಿ ಬಂದಿಲ್ಲ. ಸಿಟ್ಟಿನ ದಿಕ್ಕು ಬದಲಾಯಿತು, ಅಷ್ಟೇ.

ಭಾನುವಾರ ಮಧ್ಯಾಹ್ನ ಕ್ಯಾನ್ವಾಸಿನ ಪಟ್ಟಿಯನ್ನು ಹುಡುಕಿ ತೆಗೆದು ಕಂಬಿಗಳಿಗೆ ಮತ್ತೆ ಕಟ್ಟಿದೆ. ನನ್ನ ಗಂಟು ಆಂಟಿಯ ಗಂಟಿನಷ್ಟು ಬಿಗಿಯಲ್ಲ. ಸೋಮವಾರದೊಳಗೆ ಬಿಚ್ಚಿಸುತ್ತಾರೆ, ಗೊತ್ತು. ಪುಟ್ಟಿ ತಪ್ಪುಹೆಜ್ಜೆ ಹಾಕುತ್ತ ಹೋಗಿ ಚಮಚ ತಂದು ಜೇಬಿಗೆ ಹಾಕಿದಳು. ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿರಲಿಲ್ಲ.

ಫೋನ್ ಮಾಡದೆಯೂ ಇರಬಹುದಿತ್ತು. ಸುಮ್ಮನಿದ್ದರೆ ಸಾಕು, ನಮ್ಮ ಮನೆಯೂ ಬೀಗದ ಮನೆಗಳ ಸಾಲಿಗೆ ಸೇರುತ್ತಿತ್ತು, ಬೇಡ ತಾನಾಗಿ ಉಳಿಯುತ್ತಿತ್ತು. ಕೆಲಸವಿತ್ತು, ಮರೆತೆ, ಮಗುವಿಗೆ ಜ್ವರ ಎಂದು ನಾಳೆ ಹೇಳಬಹುದಿತ್ತು. ನಾನು ಅಂಥ ಉತ್ತರಗಳಲ್ಲಿ ಪಳಗಿದವಳು. ಗಂಟೆ ನೋಡಿದೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಒತ್ತಿದೆ.

"ಹೇಳಿ ಸಿಸ್ಟರ್, ನಿಮಗೇ ಕಾಯ್ತಾ ಇದ್ವಿ," ಎಂದರು ಕಾರ್ಯದರ್ಶಿ. ಹಿಂದೆ ಕುರ್ಚಿ ಎಳೆಯುವ ಸದ್ದು. "ಹೂಂ ತಾನೆ?"

"ಬೇಡ."

"ಏನಂದ್ರಿ?"

"ಬೇಡ ಅಂದೆ. ಕಾರಣಾನೂ ಬರ್ಕೊಳ್ಳಿ. ಎರಡನ್ನೂ ಬೇರೆ ಮಾಡಿ ತನ್ನಿ."

"ಸುಮ್ನಿದ್ದಿದ್ರೂ ಆಗ್ತಿತ್ತಲ್ಲಮ್ಮ. ಫೋನ್ ಮಾಡಿ ಹೇಳ್ಬೇಕಿತ್ತಾ? ಈಗ ಸಭೇಲಿ ನಿಮ್ಮ ಮನೆ ಹೆಸರು ಬರುತ್ತೆ."

"ಬರ್ಲಿ."

"ಸರಿ. ನಾಳೆ ಆ ಮಗುಗೆ ಏನಾದ್ರೂ ಆದ್ರೆ ನಮ್ಮನ್ನ ಕೇಳ್ಬೇಡಿ."

ಅವರು ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ, ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯ ಮುಷ್ಟಿಯಲ್ಲಿ ಪುಟ್ಟಿಯ ಅಂಗಿಯ ಬೆನ್ನು.